ಕಂಟ್ರಾಕ್ಟರರನ್ನು ಕೂರಿಸಲೆಂದು ಕಟ್ಟಿದ ಸೌನಾ

ನಾನು ಸೌನಾ ಕಟ್ಟಿದ್ದು ಯಾರದೋ ಆರೋಗ್ಯ ಸುಧಾರಿಸಲಿ ಎಂದಲ್ಲ. ಕಂಟ್ರಾಕ್ಟರರೊಬ್ಬರನ್ನು ಅದರೊಳಗೆ ಕೂರಿಸಿ, ಊರವರ ಎದುರಿಗೆ ಅವರ ಬಾಯಿಂದಲೇ ನನ್ನ ಲೆಕ್ಕ ಸರಿಯಿತ್ತು ಎಂದು ಹೇಳಿಸಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಎಲ್ಲಿಯಾದರೂ ನಾನು ಒಳ್ಳೆಯವಳಂತೆ ಕಂಡರೆ ನಂಬಬೇಡಿ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಆಗ ಕುಂದಾಪುರದಲ್ಲಿ ಮನೆಗಳ ನಕ್ಷೆ ಮಾಡಿಕೊಡುವ ಸಣ್ಣ ಆಫೀಸೊಂದನ್ನು ಇಟ್ಟುಕೊಂಡಿದ್ದೆ. ಮರವಂತೆಯಲ್ಲಿ, ಹೆದ್ದಾರಿಯಿಂದ ನದಿಯ ಬದಿಗೆ, ಹಡಗಿನಲ್ಲಿ ಅಡುಗೆ ಕೆಲಸ ಮಾಡಿ ನಿವೃತ್ತರಾಗಿ ಬಂದವರೊಬ್ಬರು ಮನೆ ಕಟ್ಟಿಸುತ್ತಿದ್ದರು. ಬಹಳ ವರ್ಷ ಫಿನ್ಲೆಂಡಿನವರ ಸರಕು ಹಡಗಿನಲ್ಲಿದ್ದವರು. ಆ ಹಡಗಿನಲ್ಲೊಂದು ಸೌನಾ ಇತ್ತಂತೆ. ಮರದ ಹಲಗೆ ಹೊದೆಸಿದ ಸಣ್ಣ ಕೋಣೆ, ಮೂಲೆಯಲ್ಲೊಂದು ಒಲೆ, ಒಲೆಯ ಮೇಲೆ ಕಲ್ಲಿನ ರಾಶಿ, ಎದುರಿಗೆ ಮೆಟ್ಟಿಲಿನಂಥ ಬೆಂಚು. ಕಲ್ಲು ಚೆನ್ನಾಗಿ ಕಾದ ಮೇಲೆ ಮೇಲಿನ ಬೆಂಚಿನಲ್ಲಿ ಕೂತು, ಕಲ್ಲಿಗೆ ಒಂದು ಸೌಟು ನೀರು ಹೊಯ್ದು, ಮೈಯೆಲ್ಲ ಬೆವರಿ, ಹೊರಗೆ ಬಂದು ತಣ್ಣೀರು ಸುರಿದುಕೊಳ್ಳುವುದು. ದಿನವಿಡೀ ಅಡುಗೆಮನೆಯಲ್ಲಿ ನಿಂತ ಬೆನ್ನಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ ಎಂಬುದು ಅವರ ಅನುಭವ.

"ಬೆವ್ರುಕೆ ಅಂತ ಒಂದ್ ಕೋಣಿಯಾ? ನಮ್ಮೂರಂಗೆ? ಜಗ್ಲಿ ಮೇಲ್ ಕೂಕಂಡ್ರೆ ಸಾಕಲ್ದಾ?" ಎಂದು ಅವರ ಹೆಂಡತಿ ನನ್ನೆದುರೇ ನಕ್ಕರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಗಂಡನನ್ನು ಅಣ್ಣಯ್ಯ.

"ಅದ್ ಬೇರೆ ಬೆವ್ರ್, ಇದ್ ಬೇರೆ ಬೆವ್ರ್," ಎಂದರು ಅಣ್ಣಯ್ಯ. "ಒಂದ್ ಸಲ ಒಳ್ಗೆ ಹೋಗಿ ಬಾ, ಕಡೀಗ್ ಹೇಳ್."

ನಾನು ಸೈಬರ್ ಸೆಂಟರಿನಲ್ಲಿ ಕೂತು ಓದಿಕೊಂಡು, ಅಣ್ಣಯ್ಯನವರ ನೆನಪನ್ನು ಕೆದಕಿ ಕೆದಕಿ, ಬಚ್ಚಲುಮನೆಗೆ ತಾಗಿ ಆರಡಿ ಚೌಕದ ಕೋಣೆ ಬರೆದೆ. ಮುಚ್ಚಿಗೆಯ ಎತ್ತರ ಏಳೇ ಅಡಿ. ಮೇಲೆ ಕಿಟಕಿ ಇಲ್ಲ, ಗವಾಕ್ಷಿ ಇಲ್ಲ. ಒಳಗೆ ಪೂರ್ತಿ ಮರ. ಬಿಸಿಗಾಳಿ ಮೇಲಕ್ಕೇರುತ್ತದೆ, ಕೂತವರ ತಲೆ ಆ ಬಿಸಿಯೊಳಗೆ ಇರಬೇಕು, ಅದಕ್ಕೇ ಮುಚ್ಚಿಗೆ ತಗ್ಗು. ಇಷ್ಟೇ ಗುಟ್ಟು.

ಮನೆ ಕಟ್ಟುವ ಕೆಲಸ ಕುಂದಾಪುರದಿಂದ ಬೈಂದೂರಿನ ತನಕ ಹೆಸರು ಮಾಡಿದ್ದ ಕಂಟ್ರಾಕ್ಟರರದ್ದು. ಒಳ್ಳೆಯ ಕೆಲಸಗಾರರು, ಸುಳ್ಳು ಹೇಳಲಾರೆ. ಆದರೆ ನಮ್ಮ ಕಡಲ ಬದಿಯಲ್ಲಿ ಮನೆ ಕಟ್ಟುವವರಿಗೆಲ್ಲ ಒಂದೇ ಚಿಂತೆ, ಸೆಕೆ ಹೊರಗೆ ಹೋಗಬೇಕು. ಮಾಡನ್ನು, ಅಂದರೆ ಛಾವಣಿಯನ್ನು, ಎತ್ತರಿಸುತ್ತಾರೆ, ಮಾಡಿನಡಿಗೆ ಗವಾಕ್ಷಿ ಇಡುತ್ತಾರೆ. ಏಳಡಿಯ ಮುಚ್ಚಿಗೆ ಎಂದರೆ ಅವರಿಗೆ ಆಡಿನ ಕೊಟ್ಟಿಗೆ. ಕಂಟ್ರಾಕ್ಟರರು ನನಗೆ ಒಂದು ಮಾತೂ ಹೇಳದೆ ಅದನ್ನು ಹತ್ತಡಿ ಮಾಡಿದರು. ಮೇಲೆ ಅಂದವಾದ ಗವಾಕ್ಷಿ ಇಟ್ಟರು. ಕೆಂಪುಕಲ್ಲಿನ ಗೋಡೆಗೆ ಗಾರೆ ಮಾಡಿ ಬಚ್ಚಲಿನ ಹಾಗೆ ಟೈಲ್ಸ್ ಅಂಟಿಸಿದರು. ಕುರ್ಚಿಯ ಎತ್ತರಕ್ಕೆ ಒಂದು ಬೆಂಚು, ಬಾಗಿಲಿಗೆ ಹೊರಗಡೆಯಿಂದ ದಪ್ಪನೆಯ ಚಿಲಕ. ಅಣ್ಣಯ್ಯ ಯಾವುದೋ ಬಂದರಿನಿಂದ ತಂದಿದ್ದ ಕರೆಂಟಿನ ಒಲೆಯನ್ನು ಮೂಲೆಯಲ್ಲಿ ಕೂರಿಸಿದರು. ನಾನು ನೋಡಿದ್ದು ಒಕ್ಕಲಿನ ವಾರ, ಎಲ್ಲ ಮುಗಿದ ಮೇಲೆ.

ಒಕ್ಕಲು ಎಂದರೆ ನಮ್ಮಲ್ಲಿ ಹೊಸ ಮನೆ ಹೊಗುವ ದಿನ. ಆ ದಿನ ಊಟಕ್ಕೆ ಮೊದಲು ಮನೆ ಕಟ್ಟಿದವರನ್ನು ಒಬ್ಬೊಬ್ಬರಾಗಿ ಜಗಲಿಗೆ ಕರೆದು, ಹರಿವಾಣದಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಹೊಸ ಪಂಚೆ ಇಟ್ಟು ಕೊಡುತ್ತಾರೆ. ನೆಂಟರಿಷ್ಟರೆಲ್ಲ ಸುತ್ತ ನಿಂತು ನೋಡುತ್ತಾರೆ. ಆ ಮರ್ಯಾದೆ ಸಿಕ್ಕಿದವರಿಗೆ ಆ ಜಗಲಿಯಲ್ಲೇ ಮುಂದಿನ ಮನೆಯ ಕೆಲಸ ಗೊತ್ತಾಗುತ್ತದೆ. ನನಗೂ ಒಂದು ಹರಿವಾಣ ಸಿದ್ಧವಾಗಿತ್ತು. ಅದರಲ್ಲಿ ಅಕ್ಕ ಆರಿಸಿ ತಂದ ಸೀರೆ ಇತ್ತು, ಬಾಗಿಲ ಸಂದಿಯಿಂದ ನಾನೇ ನೋಡಿದ್ದೆ.

ಅದಕ್ಕೆ ಸ್ವಲ್ಪ ಮೊದಲು ಅಣ್ಣಯ್ಯ ಎಲ್ಲರಿಗೂ ಸೌನಾ ತೋರಿಸಲು ಒಲೆ ಹಾಕಿದ್ದರು. ಒಬ್ಬರಾದ ಮೇಲೊಬ್ಬರು ಒಳಗೆ ಹೋಗಿ ಬಂದರು. "ಹೊರ್ಗಿಗಿಂತ ಇಲ್ಲೇ ತಂಪಿತ್ತ್ ಮರ್ರೆ" ಎಂದು ಒಬ್ಬರು ಹೇಳಿದ್ದಕ್ಕೆ ಬಿದ್ದು ಬಿದ್ದು ನಕ್ಕರು. ಅಣ್ಣಯ್ಯನವರ ಮುಖ ಸಣ್ಣದಾಯಿತು.

ಮರದ ಕೆಲಸದ ಆಚಾರಿಗಳಿಗೆ ಕೊಟ್ಟಾಯಿತು. ಕಂಟ್ರಾಕ್ಟರರಿಗೆ ಜರಿಯಂಚಿನ ಪಂಚೆ ಕೊಟ್ಟಾಯಿತು. ಅವರು ಆ ಹೊಸ ಪಂಚೆಯ ಮಡಿಕೆಯನ್ನೇ ಬಿಡಿಸಿ, ಅಂಚಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ದೊಡ್ಡ ಸ್ವರದಲ್ಲಿ ಹೇಳಿದರು: "ಮನಿ ಎಲ್ಲಾ ಸಮ ಬಂದಿತ್ತ್. ಆ ಬಿಸಿ ಕೋಣಿ ಒಂದ್ ಹಾಳಾಯ್ತ್. ಹೆಣ್ಮಕ್ಳ್ ಕೈಯಂಗೆ ನಕ್ಷೆ ಕೊಟ್ರೆ ಹಾಂಗೇ ಕಾಣಿ. ರಂಗೋಲಿ ಚೆಂದ ಇರತ್ತ್, ಬಿಸಿ ಇರೂದಿಲ್ಲೆ."

ಜಗಲಿ ತುಂಬ ನಗು. ಹೊಸ್ತಿಲ ತನಕ ಬಂದಿದ್ದ ಅಕ್ಕ ಗಂಡನ ಮುಖ ನೋಡಿದರು, ಗಂಡ ನೆಲ ನೋಡಿದರು, ಸೀರೆಯ ಹರಿವಾಣ ಹಾಗೆಯೇ ಒಳಗೆ ಹೋಯಿತು. ಒಕ್ಕಲಿನ ಮನೆಯಲ್ಲಿ ಜಗಳ ತೆಗೆಯಬಾರದು. ನಾನು ಊಟಕ್ಕೆ ಕೂತೆ. ಅಳು ಬಾರದಿರಲಿ ಎಂದು ಪಾಯಸ ಎರಡು ಸಲ ಹಾಕಿಸಿಕೊಂಡೆ.

ಆ ಮಾತು ನನಗಿಂತ ಬೇಗ ಕುಂದಾಪುರ ಮುಟ್ಟಿತು. ಬ್ರಹ್ಮಾವರದಲ್ಲಿ ಮನೆ ಕಟ್ಟಿಸಬೇಕೆಂದಿದ್ದವರು, ನಕ್ಷೆ ಅರ್ಧ ಆಗಿದ್ದಾಗ, ಬೇರೆಯವರಿಗೆ ಕೊಟ್ಟಿದ್ದೇವೆ ಎಂದು ಫೋನಿನಲ್ಲೇ ಮುಗಿಸಿದರು. ಸಾಲಿಗ್ರಾಮದ ಇನ್ನೊಬ್ಬರು ಫೋನನ್ನೂ ಮಾಡಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನನಗೆ 'ರಂಗೋಲಿ ಮೇಡಂ' ಎಂದು ಹೆಸರು ಬಿದ್ದಿದೆ ಎಂದು ಗೊತ್ತಾದ ದಿನ, ಚಹಾ ಲೋಟವನ್ನು ಅಲ್ಲೇ ಇಟ್ಟು ಮರವಂತೆಗೆ ಬಸ್ ಹತ್ತಿದೆ. ಕಂಟ್ರಾಕ್ಟರರ ಮೇಲೆ ನನಗಿದ್ದದ್ದು ಬೇಸರವಲ್ಲ, ದ್ವೇಷ. ದಾರಿಯುದ್ದಕ್ಕೂ ಅವರು ಬೆವರುವುದನ್ನೇ ನೆನೆಸಿಕೊಂಡೆ, ಅದರಿಂದ ಸ್ವಲ್ಪ ಸಮಾಧಾನವಾಯಿತು.

"ಅಣ್ಣಯ್ಯ, ಅದನ್ನ್ ಒಡ್ದ್ ನಾನ್ ಮತ್ತೆ ಕಟ್ಟಿ ಕೊಡ್ತೆ. ನಿಂತ್ ಮಾಡಿಸ್ತೆ. ಆದ್ರೆ ಬಿಸಿ ಆದ್ ದಿನ, ಒಕ್ಲಿಗೆ ಬಂದವ್ರನ್ನೆಲ್ಲ ಮತ್ತೆ ಕರೀಕ್. ಕಂಟ್ರಾಕ್ಟ್ರನ್ನೂ ಕರೀಕ್. ಎಲ್ಲರ ಎದ್ರ್ ನಂಗೆ ಮರ್ಯಾದಿ ಕೊಡ್ಕ್."

ಅಣ್ಣಯ್ಯ ಬೆನ್ನು ನೀವಿಕೊಳ್ಳುತ್ತ ಯೋಚಿಸಿದರು. "ಆಯ್ತ್ ತಂಗಿ. ಸತ್ಯನಾರಾಯಣ ಪೂಜಿ ಒಂದ್ ಬಾಕಿ ಇತ್ತ್. ಅವತ್ತ್ ಕರಿವ."

"ಆ ಸೀರಿ ನನ್ ಅತ್ತಿಗಿಗೆ ಕೊಟ್ಟ್ ಆಯ್ತಲೆ ತಂಗಿ," ಎಂದರು ಅಕ್ಕ, ಸಂಕೋಚದಿಂದ. "ಇನ್ನೊಂದ್ ತಕಂಡ್ ಬಪ್ಪ."

"ಸೀರಿ ಬ್ಯಾಡ ಅಕ್ಕ. ಕಟ್ಟಿದವ್ರಿಗೆ ಕೊಡು ಪಂಚಿಯೇ ಕೊಡಿ."

"ಪಂಚಿ ತಕಂಡ್ ನೀನ್ ಎಂತ ಮಾಡ್ತೆ?"

ಆಗ ನನಗೂ ಗೊತ್ತಿರಲಿಲ್ಲ. ಹೆಂಗಸಿಗೆ ಕೊಡುವ ಉಡುಗೊರೆ ನನಗೆ ಬೇಡವಾಗಿತ್ತು, ಅಷ್ಟೇ.

ಮೊದಲು ಆ ಕೋಣೆಯ ರೋಗ ತಿಳಿಯಬೇಕಿತ್ತು. ಅಣ್ಣಯ್ಯನವರ ಹತ್ತಿರ ಹಡಗಿನ ಅಡುಗೆಮನೆಯ ದೊಡ್ಡ ಥರ್ಮಾಮೀಟರ್ ಒಂದಿತ್ತು. ಒಲೆ ಹಾಕಿ, ನೆಲದಲ್ಲಿ, ಬೆಂಚಿನಲ್ಲಿ, ಏಣಿ ಹತ್ತಿ ಮಾಡಿನಡಿಯಲ್ಲಿ ಅಳೆದೆ. ಬೆಂಚಿನಲ್ಲಿ ಏಪ್ರಿಲ್ ಮಧ್ಯಾಹ್ನದಷ್ಟು ಬಿಸಿ, ಮಾಡಿನಡಿಯಲ್ಲಿ ಅದರ ಎರಡರಷ್ಟು. ಕಂಟ್ರಾಕ್ಟರರು ಕಟ್ಟಿದ ಸೌನಾದಲ್ಲಿ ಬೆವರಿದ್ದು ಹಲ್ಲಿಗಳು ಮಾತ್ರ. ಸಂಜೆ ವೋಲ್ಟೇಜ್ ಇಳಿದಾಗ ಕರೆಂಟಿನ ಒಲೆಯ ಕೆಂಪು ಕೂಡ ಮಂಕಾಗುತ್ತಿತ್ತು. ಟೈಲ್ಸ್ ಮುಟ್ಟಿದರೆ ಉಗುರು ಬೆಚ್ಚಗೆ, ಅಂದರೆ ಉಳಿದ ಬಿಸಿಯನ್ನು ಕೆಂಪುಕಲ್ಲಿನ ಗೋಡೆ ಕುಡಿಯುತ್ತಿತ್ತು.

ಟೈಲ್ಸ್ ಒಡೆಸಿದೆ. ಒಡೆಯುವ ಮೊದಲ ಪೆಟ್ಟು ನಾನೇ ಹಾಕಿದೆ. ಬಹಳ ಖುಷಿಯಾಯಿತು. ಗವಾಕ್ಷಿಯನ್ನು ಕಲ್ಲಿಟ್ಟು ಮುಚ್ಚಿಸಿ, ಏಳಡಿಗೆ ಮರದ ಚೌಕಟ್ಟು ಕಟ್ಟಲು ಆಚಾರಿಗಳಿಗೆ ಹೇಳಿದೆ. ಅವರು ಅಳತೆಕೋಲು ಹಿಡಿದು ನನ್ನನ್ನೇ ನೋಡಿದರು.

"ಏಳಡಿಯಾ? ಉಸ್ರ್ ಕಟ್ಟತ್ತ್ ಅಲ್ದಾ ಮೇಡಂ?"

"ಸೆಕೆ ಹೊರ್ಗ್ ಹೋಪ ಕೋಣಿ ನೀವ್ ನೂರ್ ಕಟ್ಟಿರಿ ಆಚಾರ್ರೆ. ಸೆಕೆ ಒಳ್ಗೆ ಇಪ್ಪ ಕೋಣಿ ಒಂದ್ ಕಟ್ಟಿ."

"ಕಟ್ತೆ. ಬೈಗಳ್ ಬಂದ್ರೆ ನಿಮ್ಗೆ."

ಗೋಡೆಗೂ ಹಲಗೆಗೂ ನಡುವೆ ಬಿಸಿ ತಡೆಯುವ ಏನಾದರೂ ತುಂಬಬೇಕಿತ್ತು. ಇಲ್ಲಿ ನಾವೆಲ್ಲ ಸೇರಿ ಒಂದು ತಪ್ಪು ಮಾಡಿದೆವು, ಮೀನಿನ ಊರಿನವರು ಮಾತ್ರ ಮಾಡಬಹುದಾದ ತಪ್ಪು. ನಮ್ಮ ಕಡೆ ಗೋಡೆಯೊಳಗೆ ಏನಾದರೂ ತುಂಬಿಸಿ ಗೊತ್ತಿರುವುದು ಐಸ್ ಪ್ಲಾಂಟಿನಲ್ಲಿ. ಗಂಗೊಳ್ಳಿಯ ಐಸ್ ಪ್ಲಾಂಟುಗಳಿಗೆ ಕೆಲಸ ಮಾಡುವವರನ್ನೇ ಕರೆಸಿದೆವು. ಅವರು ದಪ್ಪ ಥರ್ಮೋಕೋಲ್ ಹಾಳೆ ತಂದು, ಒಂದು ಕೂದಲೂ ನುಸುಳದಂತೆ ತುಂಬಿ, ಮೇಲೆ ಹಲಸಿನ ಹಲಗೆ ಹೊಡೆಯುವ ತನಕ ನಿಂತು ನೋಡಿಕೊಂಡರು. "ತಂಪು ಹೊರ್ಗ್ ಹೋತಿಲ್ಲೆ ಅಂದ್ರೆ ಬಿಸಿಯೂ ಹೋತಿಲ್ಲೆ" ಎಂದರು. ನನಗೂ ಅದು ಸರಿಯಾಗಿಯೇ ಕೇಳಿಸಿತು.

ಒಲೆ ಹಾಕಿ ಸ್ವಲ್ಪ ಹೊತ್ತಿಗೆ ಹಲಗೆಯ ಸಂದಿಯಿಂದ ಕಣ್ಣುರಿಸುವ ವಾಸನೆ ಬಂತು. ಅಕ್ಕ ಸೆರಗು ಮೂಗಿಗೆ ಹಿಡಿದು ಓಡಿ ಬಂದರು. ಒಂದು ಹಲಗೆ ಕಿತ್ತು ನೋಡಿದರೆ ಥರ್ಮೋಕೋಲ್ ಸುಕ್ಕಾಗಿ, ಕುಗ್ಗಿ, ಹಪ್ಪಳದಂತೆ ಮುದುಡಿ ಕೆಳಗೆ ಕೂತಿತ್ತು. ಐಸಿನ ಹತ್ತಿರ ವರ್ಷಗಟ್ಟಲೆ ನಿಲ್ಲುವ ವಸ್ತು ಈ ಬಿಸಿಗೆ ಒಂದು ಸಂಜೆಯೂ ನಿಲ್ಲಲಿಲ್ಲ. ಹೊಡೆದ ಹಲಗೆಯನ್ನೆಲ್ಲ ಕೀಳಬೇಕಾಯಿತು.

ಸುದ್ದಿ ಹೋಗುವಲ್ಲಿಗೆ ಹೋಯಿತು. ಮರುದಿನವೇ ಕಂಟ್ರಾಕ್ಟರರು ಆ ದಾರಿಯಲ್ಲಿ ಹೋಗುತ್ತಿದ್ದವರಂತೆ ಬೈಕ್ ನಿಲ್ಲಿಸಿ ಒಳಗೆ ಬಂದರು. ಕಿತ್ತ ಹಲಗೆಯ ರಾಶಿ ನೋಡಿದರು. ತಗ್ಗಿನ ಮುಚ್ಚಿಗೆ ನೋಡಿ, ಬೇಕೆಂದೇ ತಲೆ ಬಗ್ಗಿಸಿ ನಿಂತರು.

"ಮೇಡಂ, ಇದ್ರೊಳ್ಗೆ ಎಷ್ಟ್ ಆಡ್ ಕಟ್ತ್ರಿ?"

ನಾನು ಹಲಗೆಯಿಂದ ಮೊಳೆ ಕೀಳುತ್ತಲೇ ಇದ್ದೆ. ಮಾತಾಡಿದ್ದರೆ ಕೈಯಲ್ಲಿದ್ದ ಸುತ್ತಿಗೆಯೂ ಮಾತಾಡುತ್ತಿತ್ತೇನೋ. ಅವರು ಹೋದ ಮೇಲೆ ಅಣ್ಣಯ್ಯ ಮೆಲ್ಲಗೆ, "ಸಾಕಾ ತಂಗಿ? ಬಿಡ್ವನಾ?" ಎಂದರು. ಇಲ್ಲಿಗೆ ಬಿಟ್ಟರೆ ಸಾಯುವ ತನಕ ನಾನು ರಂಗೋಲಿ ಮೇಡಂ.

"ಒಂದ್ ವಾರ ಕೊಡಿ," ಎಂದೆ.

ಆ ವಾರದಲ್ಲಿ ಬೈಂದೂರಿನ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಗೆ ಹೋದೆ. ನಾನು ಮೊದಲು ಅದರ ಗೋಡೌನಿಗೆ ನಕ್ಷೆ ಮಾಡಿಕೊಟ್ಟಿದ್ದೆ. ಅಲ್ಲಿ ಬೋರ್ಮಾ ಎಂಬ ಬಿಸಿಕೋಣೆ ಇರುತ್ತದೆ. ಒಡೆದ ಗೇರುಬೀಜದ ಸಿಪ್ಪೆ ಸುಲಿಯುವ ಮೊದಲು ತಿರುಳನ್ನು ತಟ್ಟೆಗಳಲ್ಲಿ ಹರಡಿ ಅದರೊಳಗಿಟ್ಟು ಒಣಗಿಸುತ್ತಾರೆ. ಅದರ ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಬಿಸಿಗೆ ನಾನು ಅಲ್ಲೇ ನಿಂತುಬಿಟ್ಟೆ. ತಗ್ಗಿನ ಮಾಡು. ಒಲೆ ಹೊರಗಿನಿಂದ ಉರಿಯುತ್ತದೆ, ಹೊಗೆ ಒಳಗೆ ಬರುವುದಿಲ್ಲ. ಗಾಳಿ ಕೆಳಗಿನಿಂದ ಬಂದು, ಕಾದು, ಮೇಲೇರಿ, ತಿರುಗಿ ಕೆಳಗಿನ ಇನ್ನೊಂದು ಕಂಡಿಯಿಂದಲೇ ಹೊರಗೆ ಹೋಗುತ್ತದೆ. ಮೇಲಿನ ತಟ್ಟೆಯ ಬೀಜ ಮೊದಲು ಒಣಗುತ್ತದೆ. ನಮ್ಮ ಊರಿನಲ್ಲಿ ಇಷ್ಟು ವರ್ಷಗಳಿಂದ ಸೌನಾ ಇತ್ತು, ಅದರಲ್ಲಿ ಮನುಷ್ಯರ ಬದಲು ಗೇರುಬೀಜ ಕೂರುತ್ತಿತ್ತು. ಬಚ್ಚಲನ್ನು ನೋಡಿ ಸೌನಾ ಕಟ್ಟಲು ಹೊರಟದ್ದೇ ನಮ್ಮೆಲ್ಲರ ದಡ್ಡತನ. ನೋಡಬೇಕಿದ್ದದ್ದು ಬೋರ್ಮಾವನ್ನು.

ಅಲ್ಲೇ ತೀರ್ಮಾನ ಮಾಡಿದೆ. ಕರೆಂಟಿನ ಒಲೆ ಬೇಡ, ಸೌದೆಯ ಒಲೆ. ಬಾಯಿ ಬಚ್ಚಲುಮನೆಯ ಕಡೆಗೆ, ಹಂಡೆಯ ಒಲೆಯ ಪಕ್ಕದಲ್ಲಿ. ಕಾರ್ಖಾನೆಯ ಬಾಯ್ಲರಿನ ಕೊಳವೆಗಳಿಗೆ ಸುತ್ತುವ, ರಾಕ್ ವೂಲ್ ಎಂಬ ಕಲ್ಲುಣ್ಣೆಯ ಚಾಪೆ ಎಷ್ಟು ಬಿಸಿಗೂ ಜಗ್ಗುವುದಿಲ್ಲ, ಅದನ್ನೇ ತರಿಸಿ ಗೋಡೆಗೂ ಮುಚ್ಚಿಗೆಗೂ ತುಂಬಿಸುವುದು. ಅದರ ಮೇಲೆ ಅಲ್ಯೂಮಿನಿಯಂ ಹಾಳೆ, ಹೊಳೆಯುವ ಮೈ ಒಳಗಡೆಗೆ. ಬೆರಳಷ್ಟು ಜಾಗ ಬಿಟ್ಟು ಆಮೇಲೆ ಹಲಗೆ.

ಬೆಂಚಿನ ಮರಕ್ಕೂ ಬೋರ್ಮಾವೇ ಪರೀಕ್ಷೆಯಾಯಿತು. ಸಾಗುವಾನಿ, ಹಲಸು, ಹಾಲೆ, ಮೂರರ ತುಂಡುಗಳನ್ನು ಗೇರುಬೀಜದ ತಟ್ಟೆಯ ಪಕ್ಕದಲ್ಲಿಟ್ಟು, ಕಾದ ಮೇಲೆ ಒಂದೊಂದನ್ನೇ ಮುಂಗೈಗೆ ಒತ್ತಿಕೊಂಡೆ. ಸಾಗುವಾನಿಯ ಬಿಸಿಗೆ ಚರ್ಮ ಕೆಂಪಾಯಿತು. ಹಲಸೂ ಚುರುಕ್ಕೆಂದಿತು. ಹಾಲೆ ಮರ ಹಗುರ, ಬೆಳ್ಳಗೆ, ಬೆಂಡಿನಂತೆ. ಬಿಸಿಯಿದ್ದರೂ ಮೈಗೆ ತಾಗಲಿಲ್ಲ.

"ಹಾಲೆ ಮರವಾ?" ಆಚಾರಿಗಳು ಉಳಿ ಕೆಳಗಿಟ್ಟರು. "ಆಸಾಡಿ ಅಮಾಸಿ ಕಷಾಯಕ್ಕೆ ಅದ್ರ್ ತೊಗಟಿ ತಕಂಡ್ ಬಪ್ಪುದ್ ಕಂಡಿದೆ. ಅದ್ರಂಗೆ ಬೆಂಚ್ ಮಾಡದ್ದ್ ನನ್ನಜ್ಜನೂ ಕಾಣ್ಲಿಲ್ಲೆ. ಹುಳ ಹಿಡಿತ್ತ್ ಮೇಡಂ."

"ದಿನಾ ಕಾದ್ ಒಣ್ಗು ಕೋಣಿಯಂಗೆ ಹುಳ ಎಲ್ಲಿಂದ ಬತ್ತ್?"

ಅವರು ಉಳಿ ಎತ್ತಿಕೊಂಡು ಮರ ಕೊಯ್ಯಲು ಹೋದರು. ಕೆಲಸ ಮಾತ್ರ ಚೊಕ್ಕವಾಗಿ ಮಾಡಿದರು. ಕಾದ ಮೊಳೆಯ ತಲೆ ತೊಡೆಗೆ ತಾಗಿದರೆ ಬೊಬ್ಬೆ ಬರುತ್ತದೆಂದು ಎಲ್ಲ ಸ್ಕ್ರೂಗಳನ್ನೂ ಬೆಂಚಿನಡಿಯಿಂದಲೇ ಹಾಕಿದರು. ಸ್ಕ್ರೂ ಹಿತ್ತಾಳೆಯದ್ದು, ಮರವಂತೆಯ ಉಪ್ಪುಗಾಳಿಗೆ ಕಬ್ಬಿಣ ಎರಡು ಮಳೆಗಾಲ ಬಾಳುವುದಿಲ್ಲ.

ಒಲೆಯನ್ನು ಕುಂದಾಪುರದ ವೆಲ್ಡಿಂಗ್ ಅಂಗಡಿಯಲ್ಲಿ ದಪ್ಪ ತಗಡಿನಿಂದ ಮಾಡಿಸಿದೆ. ಕಲ್ಲಿಗೆಂದು ನದಿಯಿಂದ ನುಣುಪಾದ, ಚೆಂದದ ಗುಂಡುಕಲ್ಲು ಹೆಕ್ಕಿ ತಂದೆವು. ಮೊದಲ ಬೆಂಕಿಗೇ ಅವುಗಳಲ್ಲಿ ಒಂದು ಪಟಾಕಿಯಂತೆ ಸಿಡಿದು, ಚೂರು ಹಾರಿ ಎದುರಿನ ಹಲಗೆಗೆ ಬಡಿಯಿತು. ನೀರೊಳಗೇ ಬೆಳೆದ ಕಲ್ಲು, ಬಿರುಕಿನಲ್ಲಿ ನೀರಿಟ್ಟುಕೊಂಡಿರುತ್ತದೆ. ಆಗ ಬೆಂಚಿನಲ್ಲಿ ಯಾರೂ ಇರಲಿಲ್ಲ, ಪುಣ್ಯ. ಎರಡು ದಿನ ನಾನು ಒಲೆಯ ಹತ್ತಿರ ಹೋಗಲಿಲ್ಲ.

ಅಕ್ಕ ಹಿತ್ತಿಲಿನಲ್ಲಿ ಬಟ್ಟೆ ಒಗೆಯುತ್ತ ಕೇಳಿದರು, "ಒಡುದ ಕಡೂ ಕಲ್ಲ್ ಒಂದ್ ಬಿದ್ಕಂಡಿತ್ತಲೆ ಬಾವಿ ಹತ್ರ, ಅದ್ ಆತಿಲ್ಯಾ?" ಗ್ರೈಂಡರ್ ಬಂದ ಮೇಲೆ ಮನೆಮನೆಯಲ್ಲೂ ಇಂಥ ಅರೆಯುವ ಕಲ್ಲುಗಳು ಹೊರಗೆ ಬಿದ್ದಿದ್ದವು. ಕಪ್ಪಗೆ, ಗಟ್ಟಿ, ಎತ್ತಿದರೆ ಕೈ ಸೋಲುವಷ್ಟು ಭಾರ. ತುಂಡು ಮಾಡಿಸಿ, ಹೊರಗೆ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ದೂರ ನಿಂತು ಬಕೆಟ್ ನೀರು ಎರಚಿದೆವು. ಚೊಂಯ್ ಎಂದಿತು, ಒಡೆಯಲಿಲ್ಲ. ಬಿರುಕು ಕಂಡದ್ದನ್ನೆಲ್ಲ ಎಸೆದು, ನಿಂತದ್ದನ್ನು ಮಾತ್ರ ಒಲೆಯ ಮೇಲೆ ಸಡಿಲವಾಗಿ ಜೋಡಿಸಿದೆ.

ಆಮೇಲೂ ಒಮ್ಮೆ ಬೆಂಚು ಕೀಳಬೇಕಾಯಿತು. ಆಚಾರಿಗಳ ಕೈ ಅಭ್ಯಾಸಬಲದಿಂದ ಮೇಲಿನ ಬೆಂಚನ್ನು ಒಂದು ಗೇಣು ತಗ್ಗಿಸಿತ್ತು. ಅಣ್ಣಯ್ಯ ಒಳಗೆ ಕೂತು ಬಂದು ತಲೆಯಾಡಿಸಿದರು. "ತಲಿಗೆ ಬಿಸಿ ಇತ್ತ್, ಕಾಲ್ ತಣ್ಣಗಿತ್ತ್. ಹಡ್ಗಂಗೆ ಪಾದ ಒಲಿ ಕಲ್ಲಿಂದ ಮೇಲ್ ಇರ್ತಿದ್ದಿತ್." ಹಾಗಾಗಿ ಬೆಂಚನ್ನು ಎತ್ತರಿಸಿ, ಮುಚ್ಚಿಗೆಗೂ ಬೆಂಚಿಗೂ ಮೂರೂವರೆ ಅಡಿ ಮಾತ್ರ ಬಿಟ್ಟೆ, ಕಾಲಿಡುವ ಮೆಟ್ಟಿಲು ಕಲ್ಲಿನ ತುದಿಗಿಂತ ಮೇಲೆ ಬಂತು. ಗಾಳಿ ಒಳಬರುವ ಕಂಡಿ ಒಲೆಯ ಹಿಂದೆ, ನೆಲದ ಹತ್ತಿರ. ಹೊರಹೋಗುವ ಕಂಡಿ ಎದುರು ಗೋಡೆಯಲ್ಲಿ, ಬೆಂಚಿನಡಿ. ಗಾಳಿಮರದ ಒಣ ಸೌದೆ ಹಾಕಿ ಉರಿಸಿದೆವು.

ಆ ಸಂಜೆ ಅಣ್ಣಯ್ಯ ಒಳಗೆ ಹೋದರು. ಕಲ್ಲಿಗೆ ನೀರು ಹೊಯ್ದ ಸದ್ದು ಎರಡು ಮೂರು ಸಲ ಕೇಳಿಸಿತು. ಹೊರಗೆ ಬಂದು ಬಾವಿಯ ನೀರು ಎರಡು ಕೊಡ ಸುರಿದುಕೊಂಡು, ಸೊಂಟಕ್ಕೆ ಕೈಯಿಟ್ಟು ನೆಟ್ಟಗೆ ನಿಂತು, "ಇದೇ ತಂಗಿ," ಎಂದರು. ಕಣ್ಣು ಒದ್ದೆಯಾಗಿತ್ತು. ನಾನು ಸಂತೋಷಪಡಬೇಕಿತ್ತು. ನನ್ನ ಮನಸ್ಸೆಲ್ಲ ಪೂಜೆಯ ದಿನದ ಮೇಲಿತ್ತು.

ಉಳಿದದ್ದು ಬಾಗಿಲು. ಹಳೆಯ ಬಾಗಿಲಿಗೆ ಸಣ್ಣ ಗಾಜು ಕೂರಿಸಿದ್ದಾಗಿತ್ತು, 'ರಂಗೋಲಿ' ಎಂದವರ ಮುಖ ನೋಡಲು ನನಗೊಂದು ಕಿಂಡಿ ಬೇಕಿತ್ತು. ಅದರ ಹೊರಗಡೆ ಕಂಟ್ರಾಕ್ಟರರು ಹೊಡೆಸಿದ್ದ ಚಿಲಕ ಇನ್ನೂ ಇತ್ತು. ಸೌನಾದ ಬಾಗಿಲು ಹೊರಕ್ಕೆ ತೆರೆಯಬೇಕು, ಅಗುಳಿ ಚಿಲಕ ಏನೂ ಇರಬಾರದು, ತಲೆ ತಿರುಗಿದವನು ಭುಜ ತಾಗಿಸಿದರೆ ಸಾಕು, ತೆರೆಯಬೇಕು. ಅದು ನನಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೂ ಆ ಚಿಲಕವನ್ನು ತೆಗೆಸದೆ ದಿನ ದೂಡುತ್ತಿದ್ದೆ. ಆ ದಿನ ನನ್ನ ಬೆರಳಿಂದ ಅದನ್ನು ಒಮ್ಮೆ ಸರಿಸಿ ನೋಡಿದೆ. ಎಣ್ಣೆ ಹಾಕಿದಂತೆ ನಯವಾಗಿ ಸರಿಯಿತು. ಅವರು ಒಳಗೆ, ನಾನು ಹೊರಗೆ, ನಡುವೆ ಇದು. ಚಿಲಕ ಇದ್ದರೆ ನಾನು ಹಾಕಿಯೇ ಹಾಕುತ್ತೇನೆ ಎಂದು ಆ ಕ್ಷಣ ಸ್ಪಷ್ಟವಾಯಿತು. ಆಚಾರಿಗಳ ಸ್ಕ್ರೂ ಡ್ರೈವರ್ ತೆಗೆದುಕೊಂಡು ನಾನೇ ಬಿಚ್ಚಿ, ಚಿಲಕವನ್ನು ಹಿತ್ತಿಲಾಚೆ ನದಿಗೆ ಎಸೆದೆ. ಬಾಗಿಲಿಗೆ ತಳ್ಳಿದರೆ ಬಿಡುವ ಒಂದು ಸಣ್ಣ ಮರದ ಗುಂಡು ಮಾತ್ರ ಇಟ್ಟೆವು.

ಪೂಜೆಯ ದಿನ ಒಕ್ಕಲಿಗೆ ಬಂದವರೇ ಬಂದರು. ಕಂಟ್ರಾಕ್ಟರರೂ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ. ಮಂಗಳಾರತಿ ಮುಗಿದ ಮೇಲೆ ಅಣ್ಣಯ್ಯ ಜಗಲಿಗೆ ಬಂದು ನನ್ನ ಹೆಸರು ಹಿಡಿದು ಕರೆದರು. ಹರಿವಾಣದಲ್ಲಿ ಕಾಯಿ, ವೀಳ್ಯದೆಲೆ, ಜರಿಯಂಚಿನ ಪಂಚೆ. ಹೆಂಗಸಿಗೆ ಪಂಚೆಯೇ ಎಂದು ಹಿಂದಿನಿಂದ ಯಾರೋ ಕಿಸಕ್ಕೆಂದರು. ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ.

"ಹ್ವಾಯ್, ಮೊದ್ಲ್ ಬಿಸಿ ಆತ್ತಾ ಕಾಣಿ, ಕಡೀಗ್ ಮರ್ಯಾದಿ ಕೊಡಿ," ಎಂದು ಕಂಟ್ರಾಕ್ಟರರು ಕಂಬಕ್ಕೊರಗಿ ನಕ್ಕರು.

ಇದೇ ಬೇಕಿತ್ತು. "ಹಂಗಾರೆ ನೀವೇ ಕೂಕಂಡ್ ಕಾಣಿ ಕಂಟ್ರಾಕ್ಟ್ರೆ. ಒಲಿ ಬೆಳಿಗ್ಗಿಂದ ಉರೀತಿತ್ತ್."

ಎಲ್ಲರೂ ಅವರ ಕಡೆ ನೋಡಿದರು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

"ಅಂಗಿ ತೆಗ್ದ್ ಒಂದ್ ಟವೆಲ್ ಉಟ್ಕಣಿ," ಎಂದರು ಅಣ್ಣಯ್ಯ.

"ನಂಗೆಂತ ಆತ್ತ್? ಬಿಸ್ಲಂಗೆ ಗಾರಿ ಕಲ್ಸಿ ಬೆಳ್ದವ ನಾನ್," ಎಂದು ಅಂಗಿಯಲ್ಲೇ ಒಳಗೆ ಹೋಗಿ ಮೇಲಿನ ಬೆಂಚು ಹತ್ತಿ ಕೂತರು. ಅಣ್ಣಯ್ಯ ಟವೆಲು ಉಟ್ಟು ಅವರ ಪಕ್ಕದಲ್ಲಿ ಕೂತರು. ನಾನು ಹರಿವಾಣವನ್ನು ಹಂಡೆಯ ಕಟ್ಟೆಯ ಮೇಲಿಟ್ಟು, ಬಾಗಿಲು ಮುಚ್ಚಿ ಗಾಜಿನ ಕಿಂಡಿಗೆ ಮುಖವಿಟ್ಟೆ. ನನ್ನ ಹಿಂದೆ ಜಗಲಿಯ ಜನವೆಲ್ಲ ಬಚ್ಚಲುಮನೆಯಲ್ಲಿ ತುಂಬಿಕೊಂಡರು.

"ಬಿಸಿ ಇತ್ತಾ?" ಎಂದು ಹೊರಗಿನಿಂದ ಕೂಗಿದೆ.

"ಅಡ್ಡಿಲ್ಲೆ!"

ಅಣ್ಣಯ್ಯ ಕಲ್ಲಿಗೆ ಒಂದು ಸೌಟು ನೀರು ಹೊಯ್ದರು. ಕಲ್ಲು ಬುಸ್ಸೆಂದಿತು. ಆ ಹಬೆ ಕಣ್ಣಿಗೆ ಕಾಣುವುದಿಲ್ಲ, ಮುಚ್ಚಿಗೆಗೆ ತಾಗಿ ತಿರುಗಿ ಭುಜದ ಮೇಲೆ ಇಳಿಯುತ್ತದೆ. ಕಂಟ್ರಾಕ್ಟರರ ಭುಜ ಕಿವಿಯ ತನಕ ಏರಿತು. ಅಂಗಿ ಮೈಗಂಟಿತು. ನಾನು ಮತ್ತೆ ಕೇಳಿದೆ. ಅವರು ಅಂಗಿಯ ಕಾಲರನ್ನು ಕುತ್ತಿಗೆಯಿಂದ ಎಳೆದುಕೊಂಡರು. ಇನ್ನೊಂದು ಸೌಟು. ಅವರ ಕಣ್ಣು ಬಾಗಿಲ ಅಂಚಿನಲ್ಲಿ ಏನನ್ನೋ ಹುಡುಕಿತು. ಅವರು ಚಿಲಕದ ಬಗ್ಗೆಯೇ ಯೋಚಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು, ಅದನ್ನು ಹೊಡೆಸಿದವರು ಅವರೇ ಅಲ್ಲವೇ. ಆ ಹೆದರಿಕೆಯನ್ನು ನಾನು ಕಣ್ತುಂಬ ನೋಡಿದೆ. ಮೂರನೆಯ ಸೌಟಿಗೆ ಅಣ್ಣಯ್ಯ ಕೈ ಎತ್ತುವಷ್ಟರಲ್ಲಿ ಒಳಗಿನಿಂದ ಕೂಗು ಕೇಳಿತು.

"ಸಾಕ್ ಮರ್ರೆ! ಬಿಸಿ ಇತ್ತ್, ಬಿಸಿ ಇತ್ತ್!"

ಅವರು ಎಲ್ಲ ಬಲ ಹಾಕಿ ಬಾಗಿಲಿಗೆ ಭುಜ ಕೊಟ್ಟರು. ಮುಟ್ಟಿದರೆ ತೆರೆಯುವ ಬಾಗಿಲು. ಮುಗ್ಗರಿಸಿ ಜನರ ನಡುವೆ ಬಂದು ನಿಂತರು. ಕೂದಲಿನಿಂದ, ಮೂಗಿನ ತುದಿಯಿಂದ, ಅಂಗಿಯ ಅಂಚಿನಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒಬ್ಬರೂ ನಗಲಿಲ್ಲ. ಅಕ್ಕ ತಣ್ಣನೆಯ ನೀರಿನ ಚೊಂಬು ಕೊಟ್ಟರು, ಗಟಗಟನೆ ಕುಡಿದರು. ಅವರ ಉಸಿರು ಸರಿಯಾಗುವ ತನಕ ನಾನು ಕಾದೆ. ಕನಿಕರದಿಂದಲ್ಲ, ಉತ್ತರ ಎಲ್ಲರಿಗೂ ಕೇಳಬೇಕಿತ್ತು.

"ಮುಚ್ಚಿಗಿ ಎಷ್ಟ್ ಎತ್ರ ಇತ್ತ್ ಕಂಡ್ರ್ಯಾ ಕಂಟ್ರಾಕ್ಟ್ರೆ?"

"ಏಳಡಿ," ಎಂದರು, ನನ್ನ ಮುಖ ನೋಡದೆ.

"ನನ್ನ್ ನಕ್ಷೆಯಂಗೆ ಎಷ್ಟ್ ಇದ್ದಿತ್?"

ಅವರು ಸುತ್ತ ನೋಡಿದರು. ಎಲ್ಲರೂ ಕಾಯುತ್ತಿದ್ದರು. "ಏಳಡಿಯೇ ಇದ್ದಿತ್," ಎಂದರು. "ಹತ್ತ್ ಮಾಡದ್ದ್ ನಾನ್."

ಬೆವರು ಅವರ ಕಣ್ಣಿಗಿಳಿಯುತ್ತಿತ್ತು. ಒರೆಸಿಕೊಳ್ಳಲು ಒಣಗಿದ ಬಟ್ಟೆ ಅವರ ಮೈಮೇಲೆ ಎಲ್ಲಿಯೂ ಇರಲಿಲ್ಲ. ಅಕ್ಕ ಟವೆಲು ತರಲು ಒಳಗೆ ತಿರುಗಿದರು. ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಹರಿವಾಣದಿಂದ ನನ್ನ ಪಂಚೆ ತೆಗೆದು, ಮಡಿಕೆ ಬಿಡಿಸಿ, ಜರಿಯಂಚು ಮುಂದೆ ಮಾಡಿ ಕಂಟ್ರಾಕ್ಟರರ ಎದುರು ಹಿಡಿದೆ.

"ತಕಣಿ. ಒರ್ಸ್ಕಣಿ."

ಅವರಿಗೆ ಒಕ್ಕಲಿನ ದಿನ ನೆನಪಾಯಿತು. ಮುಖ ನೋಡಿದರೆ ತಿಳಿಯುತ್ತಿತ್ತು. ಅವರ ಕೈ ಮುಂದೆ ಬಂತು, ನಿಂತಿತು, ಮತ್ತೆ ಬಂತು. ಅಷ್ಟೂ ಜನರ ಎದುರು ಅವರು ನನ್ನ ಮರ್ಯಾದೆಯ ಪಂಚೆಯಿಂದ ಮುಖ ಒರೆಸಿಕೊಂಡರು, ಕುತ್ತಿಗೆ ಒರೆಸಿಕೊಂಡರು. ಒದ್ದೆಯಾದದ್ದನ್ನು ಕೈಯಲ್ಲಿ ಹಿಡಿದು ನಿಂತರು.

"ತೊಳ್ದ್ ಕಳ್ಸ್ತೆ," ಎಂದರು ಮೆಲ್ಲಗೆ.

"ಬ್ಯಾಡ. ನಿಮ್ಮತ್ರವೇ ಇರ್ಲಿ."

ಆ ಮೇಲೆ ಊರಿನಲ್ಲಿ, ಅಷ್ಟು ಅವಮಾನ ಮಾಡಿದವರಿಗೆ ತನಗೆ ಸಿಕ್ಕಿದ ಪಂಚೆಯನ್ನೇ ಕೊಟ್ಟಳು, ಎಂಥ ದೊಡ್ಡ ಮನಸ್ಸು ಎಂದು ಹೇಳಿದರು. ನಾನು ಯಾರನ್ನೂ ತಿದ್ದಲಿಲ್ಲ.